ಸೋಸುಚೀಲದಲ್ಲಿ ಉಳಿದ ಕ್ಲೋರಿನ್ ಮೀನುಮರಿಗೆ ಮಾರಕ



ಕೃಷಿ ಹೊಂಡದಲ್ಲಿ ಕಾಟ್ಲಾ, ರೋಹು, ಸಾಮಾನ್ಯ ಗೆಂಡೆ ಮೀನು ಸಾಕುವವರು ನಿಮ್ಮಲ್ಲಿ ಅನೇಕರಿದ್ದೀರಿ. ಮರಿಗಳ ತೊಟ್ಟಿಗೆ ಕಾಲುವೆ ನೀರು ಬಿಡುವಾಗ ಕಳೆಮೀನಿನ ಮೊಟ್ಟೆ, ಕಸಕಡ್ಡಿ ಒಳಸೇರದಂತೆ ಕೊಳವೆಯ ಬಾಯಿಗೆ ಸೋಸುಚೀಲ ಕಟ್ಟುವುದು ಒಳ್ಳೆಯ ಪದ್ಧತಿ. ಆದರೆ ಕೆಲವೇ ದಿನಗಳಲ್ಲಿ ಚೀಲಕ್ಕೆ ಪಾಚಿ, ಲೋಳೆ ಕಟ್ಟಿ ನೀರು ಇಳಿಯುವುದಿಲ್ಲ. ಆಗ ಬ್ಲೀಚಿಂಗ್ ಪುಡಿಯ ನೆನಪಾಗುತ್ತದೆ.

ಕೆಲವು ವರ್ಷಗಳ ಹಿಂದೆ ನಾನೇ ಇಂಥ ಚೀಲವೊಂದನ್ನು ಬ್ಲೀಚಿಂಗ್ ನೀರಿನಲ್ಲಿ ನೆನೆಸಿ, ಒಂದೇ ಸಲ ಜಾಲಿಸಿ ಮತ್ತೆ ಕಟ್ಟಿದ್ದೆ. ಮರುದಿನ ಬೆಳಿಗ್ಗೆ ಮರಿಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಆ ತಪ್ಪು ನಿಮ್ಮಿಂದ ಆಗದಿರಲಿ.

ಅಪಾಯ ಎಷ್ಟು?

ಲೀಟರಿಗೆ 200 ಮಿ.ಗ್ರಾಂ ಕ್ಲೋರಿನ್ ಇರುವ ದ್ರಾವಣವನ್ನು ಚೀಲವು 1 ಲೀಟರಿನಷ್ಟು ಹೀರಿಕೊಂಡಿದೆ ಎನ್ನೋಣ. ಅದು 500 ಲೀಟರ್ ತೊಟ್ಟಿಗೆ ಸೇರಿದರೆ ಲೀಟರಿಗೆ 0.4 ಮಿ.ಗ್ರಾಂ ಆಗುತ್ತದೆ. ಕುಡಿಯುವ ನೀರಿನಲ್ಲಿ 0.2 ಮಿ.ಗ್ರಾಂ ಇರಬೇಕೆಂಬುದು ನಿಯಮ. ಆದರೆ ನಮಗೆ ಹಿತವಾದ ಆ ಪ್ರಮಾಣವೂ ಮರಿಗಳ ಕಿವಿರನ್ನು ಸುಡಬಲ್ಲದು.

ತೊಳೆಯುವ ಕ್ರಮ

1. ಚೀಲವನ್ನು ಒಳಹೊರಗು ಮಾಡಿ, ಕೆಸರು, ಲೋಳೆ ಹೋಗುವಂತೆ ಬರಿ ನೀರಿನಲ್ಲಿ ಉಜ್ಜಿರಿ. ಕೊಳೆ ಉಳಿದರೆ ಕ್ಲೋರಿನ್ ಅದಕ್ಕೇ ವ್ಯಯವಾಗುತ್ತದೆ. ಸಾಬೂನು ಬೇಡ.

2. ಪ್ಲಾಸ್ಟಿಕ್ ಬಕೆಟ್ಟಿನ 20 ಲೀಟರ್ ನೀರಿಗೆ 13 ಗ್ರಾಂ ಹೊಸ ಬ್ಲೀಚಿಂಗ್ ಪುಡಿ ಸಾಕು. ಶೇಕಡ 30ರಷ್ಟು ಕ್ಲೋರಿನ್ ಇರುವ ಪುಡಿಗೆ ಈ ಲೆಕ್ಕ. ಸುಣ್ಣದ ಗಷ್ಟು ತಳಕ್ಕೆ ಇಳಿದ ಮೇಲೆ ತಿಳಿನೀರನ್ನು ಬಸಿದುಕೊಂಡು, ಚೀಲವನ್ನು ಅದರಲ್ಲಿ ಅರ್ಧ ಗಂಟೆ ಮುಳುಗಿಸಿಡಿರಿ. ಹೆಚ್ಚು ಹೊತ್ತು ಬಿಟ್ಟರೆ ನೈಲಾನ್ ನೂಲು ಸಡಿಲಾಗುತ್ತದೆ.

3. ಪ್ರತಿಸಲವೂ ಹೊಸ ನೀರು ಬಳಸಿ ಮೂರು ಸಲ ಜಾಲಿಸಿ ಹಿಂಡಿರಿ.

4. 20 ಲೀಟರ್ ನೀರಿಗೆ 20 ಗ್ರಾಂ ಸೋಡಿಯಂ ಥಯೋಸಲ್ಫೇಟ್ ಕರಗಿಸಿ, ಚೀಲವನ್ನು 15 ನಿಮಿಷ ನೆನೆಸಿರಿ. ಫೋಟೋ ತೊಳೆಯುವವರು ಬಳಸುತ್ತಿದ್ದ ಹೈಪೋ ಹರಳು ಇದೇ. 1 ಗ್ರಾಂ ಕ್ಲೋರಿನ್ ನಿವಾರಿಸಲು 7 ಗ್ರಾಂ ಹೈಪೋ ಎಂಬ ಲೆಕ್ಕ ನೆನಪಿರಲಿ.

5. ಮತ್ತೊಮ್ಮೆ ಜಾಲಿಸಿ, ದಿನವಿಡೀ ಬಿಸಿಲಿನಲ್ಲಿ ಒಣಗಿಸಿರಿ. ಎರಡು ಚೀಲಗಳಿದ್ದರೆ ಒಂದು ಒಣಗುವಾಗ ಇನ್ನೊಂದು ಕೆಲಸಕ್ಕೆ ಬರುತ್ತದೆ.

ವಾಸನೆ ಇಲ್ಲವೆಂದ ಮಾತ್ರಕ್ಕೆ ಕ್ಲೋರಿನ್ ಇಲ್ಲವೆಂದು ತಿಳಿಯಬೇಡಿರಿ. ಒಣಗಿದ ಚೀಲವನ್ನು ಒಂದು ಚೊಂಬು ಶುದ್ಧ ಬಾವಿನೀರಿನಲ್ಲಿ ಅದ್ದಿ, ಆ ನೀರನ್ನು ಕ್ಲೋರಿನ್ ಪರೀಕ್ಷಾ ಪಟ್ಟಿಯಿಂದ ನೋಡಿರಿ. ಊರಿನ ನೀರಗಂಟಿಯ ಬಳಿ ಕ್ಲೋರೊಸ್ಕೋಪ್ ಇದ್ದರೆ ಅದೂ ಆದೀತು. ಬಣ್ಣ ಬಂದರೆ ನಾಲ್ಕನೆಯ ಹಂತದಿಂದ ಮತ್ತೆ ಮಾಡಿರಿ.

ಎಚ್ಚರಿಕೆ

ಈ ಕೆಲಸವನ್ನು ಬಯಲಿನಲ್ಲಿ, ಕೈಗವಸು ಹಾಕಿಕೊಂಡು ಮಾಡಿರಿ. ಬ್ಲೀಚಿಂಗ್ ನೀರಿಗೆ ಆಸಿಡ್, ವಿನೆಗರ್, ನಿಂಬೆರಸ, ಗಂಜಲ ಯಾವುದನ್ನೂ ಬೆರೆಸಕೂಡದು; ವಿಷಾನಿಲ ಏಳುತ್ತದೆ. ಉಳಿದ ದ್ರಾವಣಕ್ಕೆ 30 ಗ್ರಾಂ ಹೈಪೋ ಹಾಕಿ ಕಲಕಿ, ನಂತರವೇ ಚೆಲ್ಲಿರಿ. ಹೊಂಡಕ್ಕಾಗಲಿ, ಗೋಬರ್ ಗ್ಯಾಸ್ ಗುಂಡಿಗಾಗಲಿ, ಗೊಬ್ಬರದ ತಿಪ್ಪೆಗಾಗಲಿ ಸುರಿಯಬೇಡಿರಿ. ಪುಡಿಯನ್ನು ತೇವ ತಾಗದ ಮುಚ್ಚಿದ ಡಬ್ಬಿಯಲ್ಲಿ, ಮಕ್ಕಳ ಕೈಗೆ ಎಟುಕದಂತೆ ಇಡಿರಿ.

ಹೈಪೋಗೆ ತಗಲುವ ಖರ್ಚು ಅಲ್ಪ. ಹಣ ಕೊಟ್ಟು ತಂದ ಮರಿಗಳು ಒಂದೇ ರಾತ್ರಿಯಲ್ಲಿ ಸತ್ತರೆ ಆಗುವ ನಷ್ಟ ದೊಡ್ಡದು.