ಯುದ್ಧ ಮುಗಿದ ಮೇಲೆ ಬೇಕಾಗುವ ನೆರವು: ಜೈಪುರ ಕಾಲಿನಿಂದ ತಿಳಿಯಬೇಕಾದದ್ದು

ಕಾಂಬೋಡಿಯಾದಲ್ಲಿ 1991ರಲ್ಲಿ ಶಾಂತಿ ಒಪ್ಪಂದವಾಯಿತು. ಆದರೆ ಗದ್ದೆ, ಕಾಡು, ಕಾಲುದಾರಿಗಳಲ್ಲಿ ಹೂತಿಟ್ಟಿದ್ದ ನೆಲಬಾಂಬುಗಳು ಹಾಗೆಯೇ ಉಳಿದವು. 1979ರಿಂದ ಈಚೆಗೆ ಆ ದೇಶದಲ್ಲಿ ನೆಲಬಾಂಬು ಮತ್ತು ಸಿಡಿಯದೆ ಉಳಿದ ಮದ್ದುಗುಂಡುಗಳಿಂದ ಸತ್ತವರು, ಗಾಯಗೊಂಡವರು ಸುಮಾರು 65,000 ಮಂದಿ. ಇವರಲ್ಲಿ ಉಳುಮೆಗೆ ಹೋದ ರೈತರು, ಸೌದೆ ತರಲು ಹೋದ ಹೆಂಗಸರು, ಆಡಲು ಹೋದ ಮಕ್ಕಳೂ ಇದ್ದಾರೆ. ಇಂಥವರಿಗೆ ನೆರವಾಗುವುದು ಹೇಗೆ?

ಕಾಲು ಕೊಟ್ಟರೆ ಸಾಲದು, ಬದುಕಿಗೆ ಒಗ್ಗಬೇಕು

ಹಿಂದೆ ಸಿಗುತ್ತಿದ್ದ ವಿದೇಶಿ ಮಾದರಿಯ ಕೃತಕ ಪಾದಕ್ಕೆ ಬೂಟು ಬೇಕಿತ್ತು. ಅದನ್ನು ಹಾಕಿಕೊಂಡು ಕುಕ್ಕರಗಾಲಲ್ಲಿ ಕೂರಲು, ಚಕ್ಕಳಮಕ್ಕಳ ಹಾಕಲು, ಕೆಸರುಗದ್ದೆಗೆ ಇಳಿಯಲು ಆಗುತ್ತಿರಲಿಲ್ಲ. ಹಳ್ಳಿಯವರು ಅದನ್ನು ಮೂಲೆಗಿಟ್ಟು ಮತ್ತೆ ಊರುಗೋಲು ಹಿಡಿಯುತ್ತಿದ್ದರು. 1960ರ ದಶಕದ ಕೊನೆಯಲ್ಲಿ ಜೈಪುರದ ಕುಶಲಕರ್ಮಿ ರಾಮಚಂದ್ರ ಶರ್ಮ ಮತ್ತು ಡಾ. ಪಿ.ಕೆ. ಸೇಠಿ ರಬ್ಬರ್, ಮರ ಬಳಸಿ ಬೇರೊಂದು ಪಾದ ರೂಪಿಸಿದರು. ಅದರಲ್ಲಿ ಬರಿಗಾಲಲ್ಲೂ ನಡೆಯಬಹುದು, ನೀರಿಗೂ ಇಳಿಯಬಹುದು.

ಈ ಕಾಲನ್ನು ಬಡವರಿಗೆ ಉಚಿತವಾಗಿ ತಲುಪಿಸಿದ್ದು ಭಗವಾನ್ ಮಹಾವೀರ ವಿಕಲಾಂಗ ಸಹಾಯತಾ ಸಮಿತಿ. ಮಹಾವೀರ ಸ್ವಾಮಿಯವರ 2500ನೇ ನಿರ್ವಾಣ ಮಹೋತ್ಸವದ ಕಾಲದಲ್ಲಿ, 1975ರಲ್ಲಿ, ಶ್ರೀ ಡಿ.ಆರ್. ಮೆಹ್ತಾ ಅವರು ಜೈಪುರದಲ್ಲಿ ಇದನ್ನು ಸ್ಥಾಪಿಸಿದರು. ಅದಕ್ಕೂ ಮೊದಲು ಅಪಘಾತವೊಂದರಲ್ಲಿ ಅವರ ಕಾಲಿಗೇ ತೀವ್ರ ಪೆಟ್ಟಾಗಿ, ಅದನ್ನು ಕಳೆದುಕೊಳ್ಳುವ ಸ್ಥಿತಿ ಬಂದಿತ್ತು. ಇಂದು ಈ ಸಮಿತಿ ಅಫ್ಘಾನಿಸ್ತಾನವೂ ಸೇರಿದಂತೆ ಯುದ್ಧದಿಂದ ನೊಂದ ಹಲವು ದೇಶಗಳಲ್ಲಿ ಶಿಬಿರ ನಡೆಸಿದೆ. ಜಾತಿ, ಮತ, ದೇಶ ಕೇಳುವುದಿಲ್ಲ.

ಒಮ್ಮೆ ಮಾಡಿ ಮುಗಿಸುವ ಕೆಲಸವಲ್ಲ

ಕೃತಕ ಕಾಲು ಸವೆಯುತ್ತದೆ. ದೊಡ್ಡವರಿಗೆ ಸಾಮಾನ್ಯವಾಗಿ ಮೂರರಿಂದ ಐದು ವರ್ಷಕ್ಕೊಮ್ಮೆ ಹೊಸದು ಬೇಕು. ಬೆಳೆಯುವ ಮಕ್ಕಳಿಗೆ ಆರು ತಿಂಗಳಿಗೊಮ್ಮೆ ಬದಲಿಸಬೇಕಾಗಬಹುದು. ಅಂದರೆ ಹತ್ತು ವರ್ಷದ ಮಗುವಿಗೆ ಬಾಳಿನುದ್ದಕ್ಕೂ ಇಪ್ಪತ್ತಕ್ಕೂ ಹೆಚ್ಚು ಕಾಲುಗಳು ಬೇಕು. ಆದ್ದರಿಂದ ಶಿಬಿರದ ಜೊತೆಗೆ, ಆಯಾ ಊರಿನಲ್ಲೇ ದುರಸ್ತಿ ಮಾಡಬಲ್ಲ ಕೈಗಳು ತಯಾರಾಗಬೇಕು. ಅಂತಾರಾಷ್ಟ್ರೀಯ ರೆಡ್‌ಕ್ರಾಸ್ ಸಮಿತಿ 1988ರಲ್ಲಿ ಕಾಬೂಲಿನಲ್ಲಿ ತೆರೆದ ಕೇಂದ್ರ ಇದಕ್ಕೆ ಒಳ್ಳೆಯ ಉದಾಹರಣೆ. ಚಿಕಿತ್ಸೆಗೆಂದು ಬಂದ ಅಂಗವಿಕಲರಿಗೇ ಅಲ್ಲಿ ತರಬೇತಿ, ಕೆಲಸ ಕೊಡಲಾಗುತ್ತದೆ. ಸ್ವಂತ ಉದ್ಯೋಗಕ್ಕೆ ಸಣ್ಣ ಸಾಲವೂ ಸಿಗುತ್ತದೆ.

ಕಣ್ಣಿಗೆ ಕಾಣದ ಗಾಯವೂ ಇದೆ. ವಿಶ್ವ ಆರೋಗ್ಯ ಸಂಸ್ಥೆಯ 2019ರ ಅಂದಾಜಿನಂತೆ, ಸಂಘರ್ಷಕ್ಕೆ ಸಿಕ್ಕಿದ ಪ್ರದೇಶಗಳಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಮಾನಸಿಕ ತೊಂದರೆ ಇರುತ್ತದೆ. ಅವರಿಗೆ ಔಷಧಿಯಷ್ಟೇ ಮಾತು ಕೇಳುವವರೂ ಬೇಕು, ಮತ್ತೆ ದುಡಿಮೆಯೂ ಬೇಕು.

ನಮಗೆ ಸಂಬಂಧವೇನು?

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳನ್ನು ನಾವು ಚಿಕ್ಕಂದಿನಿಂದ ಕೇಳಿದ್ದೇವೆ. ನೆಲಬಾಂಬು ತೆಗೆದು ಹೊಲವನ್ನು ರೈತನಿಗೆ ಮರಳಿಸುವುದು ಅಭಯದಾನವಲ್ಲದೆ ಮತ್ತೇನು? ಹಿಂಸೆ ಮಾಡದಿರುವುದು ಅಹಿಂಸೆಯ ಮೊದಲ ಮೆಟ್ಟಿಲು. ಬೇರೆಯವರು ಮಾಡಿದ ಹಿಂಸೆಯಿಂದ ನೊಂದವರ ಜೊತೆ ವರ್ಷಗಟ್ಟಲೆ ನಿಲ್ಲುವುದು ಅದರ ಮುಂದಿನ ಮೆಟ್ಟಿಲು.

ಮುಂದಿನ ಬಾರಿ ನಿಮ್ಮ ಊರಿನ ಸಂಘ ಕೃತಕ ಕಾಲು ಜೋಡಣಾ ಶಿಬಿರ ಏರ್ಪಡಿಸಿದಾಗ ದೇಣಿಗೆಯ ಜೊತೆಗೆ ಒಂದು ಪ್ರಶ್ನೆಯನ್ನೂ ಕೇಳಿ: ಈ ಕಾಲು ಸವೆದಾಗ ಇವರು ಎಲ್ಲಿಗೆ ಹೋಗಬೇಕು? ಅದಕ್ಕೆ ಉತ್ತರ ಸಿದ್ಧವಿದ್ದರೆ ನಮ್ಮ ದಾನ ಪೂರ್ಣವಾದಂತೆ.