ವಡಾಪಾವ್: ಬಾಣಲೆಯೊಳಗಿನ ಭೌತವಿಜ್ಞಾನ

ಮುಂಬಯಿಯ ರೈಲು ನಿಲ್ದಾಣವೊಂದರ ಹೊರಗೆ ಸಂಜೆ ನಿಂತು ನೋಡಿ. ಕಡಲೆಹಿಟ್ಟಿನಲ್ಲಿ ಅದ್ದಿದ ಆಲೂಗಡ್ಡೆಯ ಉಂಡೆ ಬಾಣಲೆಗೆ ಬಿದ್ದೊಡನೆ ‘ಚುರ್’ ಎಂಬ ಸದ್ದು, ಸುತ್ತಲೂ ಗುಳ್ಳೆಗಳು. ನಮ್ಮ ಆಲೂಬೋಂಡಾದ ಬಂಧುವಾದ ಈ ವಡೆಯನ್ನು ಸೀಳಿದ ಪಾವಿನೊಳಗೆ ಬೆಳ್ಳುಳ್ಳಿ ಚಟ್ನಿಪುಡಿಯೊಂದಿಗೆ ಇಟ್ಟರೆ ವಡಾಪಾವ್ ಸಿದ್ಧ. 1966ರಲ್ಲಿ ದಾದರ್ ನಿಲ್ದಾಣದ ಬಳಿ ಅಶೋಕ ವೈದ್ಯ ಎಂಬವರು ಇದರ ಮಾರಾಟ ಆರಂಭಿಸಿದರೆಂಬುದು ಪ್ರಚಲಿತ ಹೇಳಿಕೆ.

ಎಣ್ಣೆಯ ತಾಪ ಸುಮಾರು 180 ಡಿಗ್ರಿ ಸೆಲ್ಸಿಯಸ್. ಹಾಗಿದ್ದೂ ಒಳಗಿನ ಆಲೂಗಡ್ಡೆ ಕರಕಲಾಗುವುದಿಲ್ಲ. ಏಕೆ?

ಉತ್ತರ ನೀರಿನಲ್ಲಿದೆ. 1 ಗ್ರಾಂ ನೀರನ್ನು 30ರಿಂದ 100 ಡಿಗ್ರಿಗೆ ಏರಿಸಲು ಸುಮಾರು 293 ಜೂಲ್ ಉಷ್ಣ ಸಾಕು; ಅದನ್ನು ಆವಿಯಾಗಿಸಲು ಸುಮಾರು 2,260 ಜೂಲ್ ಬೇಕು. ಎಣ್ಣೆ ನೀಡುವ ಉಷ್ಣದ ಬಹುಪಾಲು ಈ ಗುಪ್ತೋಷ್ಣಕ್ಕೇ ವೆಚ್ಚವಾಗುತ್ತದೆ. ಆದ್ದರಿಂದ ತೇವವಿರುವ ತನಕ ಒಳಭಾಗದ ತಾಪ 100 ಡಿಗ್ರಿಯ ಆಸುಪಾಸನ್ನು ಮೀರದು. ನೀವು ಕಾಣುವ ಗುಳ್ಳೆಗಳು ಹೊರನುಗ್ಗುವ ನೀರಾವಿ. ಅದು ಎಣ್ಣೆಯನ್ನು ಒಳಬರದಂತೆ ತಡೆಯುತ್ತದೆ. ಹೊರಪದರ ಮಾತ್ರ ಒಣಗಿ, ಸುಮಾರು 140 ಡಿಗ್ರಿ ದಾಟಿದಾಗ ಅಮೈನೋ ಆಮ್ಲಗಳು ಸಕ್ಕರೆಗಳೊಡನೆ ವರ್ತಿಸಿ ಹೊಂಬಣ್ಣವೂ ಪರಿಮಳವೂ ಮೂಡುತ್ತವೆ.

ಹಾಗಾದರೆ ವಡೆ ಎಣ್ಣೆ ಹೀರುವುದು ಯಾವಾಗ? ಹೆಚ್ಚಾಗಿ ಬಾಣಲೆಯಿಂದ ಎತ್ತಿದ ಮೇಲೆ! ತಣಿಯುವಾಗ ರಂಧ್ರಗಳಲ್ಲಿನ ಆವಿ ದ್ರವವಾಗಿ, ಅಲ್ಲಿನ ಒತ್ತಡ ಇಳಿಯುತ್ತದೆ. ಆಗ ವಾಯುಮಂಡಲದ ಒತ್ತಡ ಮೈಗಂಟಿದ ಎಣ್ಣೆಯನ್ನು ಒಳತಳ್ಳುತ್ತದೆ. ಬಿಸಿಯಿರುವಾಗಲೇ ಜಾಲರಿಯಲ್ಲಿ ಎಣ್ಣೆ ಬಸಿಯುವುದು ಇದಕ್ಕಾಗಿಯೇ.

ಇಲ್ಲೇ ಎಚ್ಚರವೂ ಅಗತ್ಯ. ಪದೇ ಪದೇ ಕಾಯಿಸಿದ ಎಣ್ಣೆ ಗಾಳಿ ಮತ್ತು ತೇವದೊಡನೆ ವರ್ತಿಸಿ ಒಡೆಯುತ್ತದೆ. ಬಣ್ಣ ಕಪ್ಪಾಗುತ್ತದೆ, ನೊರೆ ಏಳುತ್ತದೆ, ಸ್ನಿಗ್ಧತೆ ಹೆಚ್ಚುತ್ತದೆ. ಗಟ್ಟಿಯಾದ ಎಣ್ಣೆ ಸುಲಭವಾಗಿ ಬಸಿಯದೆ ವಡೆಗೇ ಅಂಟುತ್ತದೆ. ಹೀಗೆ ಕೆಟ್ಟ ಎಣ್ಣೆಯೇ ಹೆಚ್ಚಾಗಿ ನಮ್ಮ ಹೊಟ್ಟೆ ಸೇರುತ್ತದೆ. ಒಟ್ಟು ಧ್ರುವೀಯ ಸಂಯುಕ್ತಗಳು ಶೇಕಡಾ 25ನ್ನು ಮೀರಿದ ಎಣ್ಣೆಯನ್ನು ಬಳಸಬಾರದೆಂಬ ನಿಯಮ ಭಾರತದಲ್ಲಿ 2018ರ ಜುಲೈ 1ರಿಂದ ಜಾರಿಯಲ್ಲಿದೆ. ಆದರೆ ಬೀದಿಬದಿಯ ವ್ಯಾಪಾರಿಗೆ ಉಳಿದ ಎಣ್ಣೆಯೂ ಬಂಡವಾಳವೇ. ಅವನನ್ನು ದೂರಿದರೆ ಸಾಲದು. ಬಳಸಿದ ಎಣ್ಣೆಯನ್ನು ಕೊಂಡು ಜೈವಿಕ ಡೀಸೆಲ್ ತಯಾರಿಸುವ ವ್ಯವಸ್ಥೆ ಅವನ ಗಾಡಿಯವರೆಗೂ ತಲುಪಬೇಕು.

ಶಿಕ್ಷಕರೇ, ವಡೆಯೊಂದನ್ನು ಕರಿಯುವ ಮೊದಲೂ ಕರಿದ ನಂತರವೂ ತೂಗಿ, ಅಂಕಿಗಳನ್ನು ತರಗತಿಯಲ್ಲಿ ಬರೆಯಿರಿ. ನೀರು ಹೋಯಿತು, ಎಣ್ಣೆ ಬಂತು. ತೂಕದ ವ್ಯತ್ಯಾಸ ಯಾವುದನ್ನು ಸೂಚಿಸುತ್ತದೆ? ವಿದ್ಯಾರ್ಥಿಗಳು ವಾದಿಸಲಿ.