ಪಾನ ಹಿಡಿಯುವ ಮೊದಲು ಅಳತೆ

ಯಸಳೂರು ಕಡೆ ಮಳೆಗಾಲವೆಂದರೆ ಮನೆಯೊಳಗಿನ ಚಪ್ಪಲಿಗೂ ಬೂಷ್ಟು ಹಿಡಿಯುವ ಕಾಲ. ಅಂಥ ನಾಲ್ಕಾರು ಮಳೆಗಾಲಗಳನ್ನು ಕಾಫಿ ಗೋಡೌನಿನ ಮೂಲೆಯಲ್ಲಿ ಗೋಣಿಚೀಲದಡಿ ಕಳೆದ ಹೈಬ್ರಿಡ್ ಸೈಕಲ್ಲನ್ನು ಹೊರಗೆಳೆದರೆ ಚೈನು ಕೋಲಿನಂತೆ ಸೆಟೆದಿರುತ್ತದೆ, ಟೈರಿನ ಪಕ್ಕೆ ಬಿರಿದಿರುತ್ತದೆ, ಗೇರಿನ ಕೇಬಲ್ ಕದಲುವುದೇ ಇಲ್ಲ. ಆದರೂ ಗುಜರಿಗೆ ಹಾಕುವ ಅವಸರ ಬೇಡ. ಫ್ರೇಮು ಬಿರುಕು ಬಿಟ್ಟಿಲ್ಲ, ತುಕ್ಕು ಒಳಗಿನಿಂದ ತಿಂದಿಲ್ಲ ಎಂದಾದರೆ ಅದು ಮತ್ತೆ ಓಡುತ್ತದೆ.

ಹೈಬ್ರಿಡ್ ಮಿಶ್ರತಳಿ. ಚಕ್ರ ರೋಡ್ ಸೈಕಲ್ಲಿನದು, ದೊಡ್ಡದು, ಸಪೂರ. ನೇರ ಹ್ಯಾಂಡಲ್, ಏರು ಹತ್ತಿಸುವ ಗೇರು ಗುಡ್ಡದ ಸೈಕಲ್ಲಿನವು. ನಮ್ಮ ಏರಿಳಿತದ ಡಾಂಬರು ರಸ್ತೆಗೆ ಹೇಳಿ ಮಾಡಿಸಿದಂತಿದೆ. ರಿಪೇರಿಯ ತೊಡಕು ಹುಟ್ಟುವುದೂ ಇಲ್ಲೇ, ಪ್ರತಿ ಭಾಗವೂ ಯಾವ ಮನೆತನದ್ದೆಂದು ವಿಚಾರಿಸಬೇಕು. ಊರಿನ ಸೈಕಲ್ ಶಾಪುಗಳ ಕೈ ಪಳಗಿದ್ದು ಕಪ್ಪು ಅಟ್ಲಾಸ್, ಹೀರೊ, ಹರ್ಕ್ಯುಲಿಸ್‌ಗಳ ಮೇಲೆ, ಆಮೇಲೆ 2006-07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಸರ್ಕಾರ ಕೊಟ್ಟ ಸೈಕಲ್ಲುಗಳ ಮೇಲೆ. ಬೆಂಡ್ ತೆಗೆಯುವುದು, ಬಾಲ್ಸ್ ತೊಳೆದು ಗ್ರೀಸ್ ತುಂಬುವುದು, ಕೋನಿನ ಬಿಗಿ ನೋಡುವುದು, ಈ ವಿದ್ಯೆಯೆಲ್ಲ ಹೈಬ್ರಿಡ್ಡಿಗೂ ಸಲ್ಲುತ್ತದೆ. ಬಿಡಿಭಾಗ ಮಾತ್ರ ಸಲ್ಲದು. ತಪ್ಪು ಭಾಗ ತಂದರೆ ಸಕಲೇಶಪುರಕ್ಕೋ ಹಾಸನಕ್ಕೋ ಮತ್ತೆ ಬಸ್ಸು ಹತ್ತಬೇಕು. ಅದಕ್ಕೇ ಒಂದು ನೋಟ್‌ಬುಕ್ಕು, ಒಂದು ಟೇಪು ಮೊದಲು ಬೇಕು.

ಹೆಚ್ಚಿನವರು ಏಮಾರುವುದು ಟೈರಿನಲ್ಲಿ. ಕಪ್ಪು ಸೈಕಲ್ಲಿನ ಟೈರಿನ ಮೇಲೆ 28 × 1½ ಎಂದಿರುತ್ತದೆ. ಹೈಬ್ರಿಡ್ ಟೈರಿನ ಮೇಲೂ ಕೆಲವೊಮ್ಮೆ 28 × 1.40 ಎಂದಿರುತ್ತದೆ. ಎರಡೂ ಇಪ್ಪತ್ತೆಂಟೇ ತಾನೆ ಎಂದು ತಂದರೆ ಕೂರುವುದಿಲ್ಲ. ಮೊದಲನೆಯದು ರಿಮ್ಮಿನಲ್ಲಿ ಕೂರುವ ವ್ಯಾಸ 635 ಮಿ.ಮೀ., ಎರಡನೆಯದರದು 622. ಟೈರಿನ ಪಕ್ಕೆಯಲ್ಲಿ ಸಣ್ಣಗೆ ಅಚ್ಚೊತ್ತಿದ 37-622ರಂಥ ಜೋಡಿ ಅಂಕಿಯನ್ನು ಹುಡುಕಿ. ಮೊದಲಿನದು ಟೈರಿನ ಅಗಲ, ಎರಡನೆಯದು ಆ ವ್ಯಾಸ. 700ಸಿ ಎಂಬುದೂ ಇದೇ 622. ವ್ಯಾಸ ಕೂದಲೆಳೆಯೂ ಬದಲಾಗುವಂತಿಲ್ಲ. ಅಗಲದಲ್ಲಿ ತುಸು ಹೆಚ್ಚುಕಡಿಮೆ ನಡೆಯುತ್ತದೆ, ಮಡ್‌ಗಾರ್ಡಿಗೂ ಫ್ರೇಮಿಗೂ ತಾಗದಿದ್ದರೆ ಆಯಿತು. ನಮ್ಮ ಕೆಸರಿಗೆ ಅಲ್ಲಿ ಒಂದು ಬೆರಳು ಜಾಗ ಬಿಡುವುದೇ ಒಳ್ಳೆಯದು.

ಚೈನಿನ 12 ಪೂರ್ತಿ ಕೊಂಡಿ ಅಳೆದರೆ ಸರಿಯಾಗಿ 12 ಇಂಚು ಬರಬೇಕು. ಒಂದಿಂಚಿನ ಹದಿನಾರನೇ ಒಂದು ಭಾಗ ಹಿಗ್ಗಿದ್ದರೆ ಚೈನು ಬದಲಿಸಿ. ಎಂಟನೇ ಒಂದು ಭಾಗ ಹಿಗ್ಗಿದ್ದರೆ ಹಿಂದಿನ ಹಲ್ಲುಗಳೂ ಸವೆದಿರುತ್ತವೆ. ಆ ಹಲ್ಲುಗಳು ಫ್ರೀವೀಲ್ ಸಮೇತ ಹಬ್ಬಿಗೆ ತಿರುಪಿಕೊಂಡಿವೆಯೋ, ಇಲ್ಲ ಕ್ಯಾಸೆಟ್ಟಾಗಿ ಜಾರಿ ಕೂತಿವೆಯೋ ನೋಡಿಕೊಳ್ಳಿ. ಒಂದರ ಜಾಗಕ್ಕೆ ಇನ್ನೊಂದು ಬರುವುದಿಲ್ಲ. ಏಳು ಗೇರಿನ ಕ್ಯಾಸೆಟ್ಟನ್ನು ಎಂಟು ಗೇರಿನ ಹಬ್ಬಿಗೆ ಹಾಕಬಹುದು, ಹಿಂದೆ 4.5 ಮಿ.ಮೀ. ದಪ್ಪದ ಬಳೆಯೊಂದನ್ನು ಕೊಟ್ಟು.

ಬ್ರೇಕಿನ ವಿಷಯದಲ್ಲಿ ನಾನು ಯಾವ ರಾಜಿಗೂ ಒಪ್ಪುವುದಿಲ್ಲ. ಶಿಮಾನೊದ ವಿ-ಬ್ರೇಕ್ ಬಂದದ್ದು 1996ರಲ್ಲಿ. ಅದಕ್ಕೆ ಮುಂಚಿನ ಕ್ಯಾಂಟಿಲಿವರ್ ಬ್ರೇಕಿನ ಲಿವರ್ ಎಳೆಯುವ ಕೇಬಲ್ ಕಡಿಮೆ. ಹಳೇ ಲಿವರಿಗೆ ಹೊಸ ವಿ-ಬ್ರೇಕ್ ಕಟ್ಟಿದರೆ ರಬ್ಬರು ಸರಿಯಾಗಿ ರಿಮ್ಮಿಗೆ ಒತ್ತುವ ಮೊದಲೇ ಲಿವರ್ ಹ್ಯಾಂಡಲ್ಲಿಗೆ ತಾಗಬಹುದು. ಬಿಸಿಲೆ ಘಾಟಿಯ ತಿರುವಿನಲ್ಲಿ, ಒದ್ದೆ ರಸ್ತೆಯಲ್ಲಿ ಅದು ಗೊತ್ತಾಗಬಾರದು. ಬದಲಿಸುವುದಾದರೆ ಲಿವರನ್ನೂ ಬದಲಿಸಿ.

ಪೆಡಲಿನ ಕ್ರ್ಯಾಂಕಿನ ಆಕ್ಸಲ್ ಕೂತ ಗೂಡಿನ ಮರೆ ಬಹುಪಾಲು ಹೈಬ್ರಿಡ್‌ಗಳಲ್ಲಿ ಬಿಎಸ್ಎ ಅಳತೆಯದು, ಬರ್ಮಿಂಗ್‌ಹ್ಯಾಮಿನ ಆ ಕಂಪನಿಯದೇ ಹೆಸರು. ಬಲಗಡೆಯ ಕಪ್ಪಿಗೂ ಎಡ ಪೆಡಲಿಗೂ ಉಲ್ಟಾ ಮರೆ. ಗೊತ್ತಿಲ್ಲದೆ ಬಲ ಹಾಕಿದರೆ ಇನ್ನಷ್ಟು ಬಿಗಿಯುತ್ತದೆ.

ಕೊನೆಗೆ ಸೀಟಿನ ಕಂಬಿ. ಉಕ್ಕಿನ ಫ್ರೇಮಿನೊಳಗೆ ಅಲ್ಯೂಮಿನಿಯಂ ಕಂಬಿ ಮಳೆನೀರು ಕುಡಿದು ಕೂತರೆ ಎರಡೂ ಕಚ್ಚಿಕೊಳ್ಳುತ್ತವೆ. ಸುತ್ತಿಗೆ ಎತ್ತಬೇಡಿ. ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ರಾತ್ರಿಯಿಡೀ ಹಾಗೇ ಬಿಡಿ, ಬೆಳಿಗ್ಗೆ ಸೀಟು ಹಿಡಿದು ನಿಧಾನ ತಿರುಗಿಸಿ ನೋಡಿ, ಮತ್ತೆ ಎಣ್ಣೆ ಬಿಡಿ. ಮೂರೋ ನಾಲ್ಕೋ ದಿನ ಹೋಗಬಹುದು. ಕಿರ್ರೆಂದು ಅದು ಕದಲಿದ ಮೇಲೆ ಹೊರತೆಗೆದು ಬಟ್ಟೆಯಲ್ಲಿ ಒರೆಸಿದರೆ ಬಿಳಿ ಪುಡಿಯಡಿ ಕೊರೆದ ವ್ಯಾಸದ ಅಂಕಿ ಕಾಣುತ್ತದೆ: 27.2. ಅದನ್ನೂ ನೋಟ್‌ಬುಕ್ಕಿಗೆ ಬರೆದುಕೊಳ್ಳಿ.